ನೆರವಿನ ಮೇಜು: ಬೆಂಗಳೂರಿನ ಗುಡಿ, ಚರ್ಚು, ಮಸೀದಿಗಳಲ್ಲಿ ಬಡ ಕುಟುಂಬಗಳಿಗೆ ಆಸರೆಯಾಗುವ ಬಗೆ

ಬೆಂಗಳೂರಿನಲ್ಲಿ ಹಸಿದು ಬಂದವರಿಗೆ ಒಂದು ಹೊತ್ತು ಊಟ ಹಾಕುವ ಜಾಗಗಳಿಗೆ ಬರವಿಲ್ಲ. ಹಲಸೂರು ಕೆರೆಯ ಪಕ್ಕದ ಗುರುದ್ವಾರದ ಲಂಗರ್‌ನಲ್ಲಿ ಯಾರು ಹೋಗಿ ಪಂಕ್ತಿಯಲ್ಲಿ ಕೂತರೂ ಬಡಿಸುತ್ತಾರೆ. ಅಕ್ಷಯಪಾತ್ರ ಶುರುವಾದದ್ದು 2000ರಲ್ಲಿ, ಇದೇ ಊರಿನ ಇಸ್ಕಾನ್ ದೇವಸ್ಥಾನದಿಂದ, ಐದು ಶಾಲೆಗಳ 1,500 ಮಕ್ಕಳ ಊಟದೊಂದಿಗೆ. ಸಣ್ಣಪುಟ್ಟ ಗುಡಿಗಳಲ್ಲೂ ಶನಿವಾರವೋ ಹುಣ್ಣಿಮೆಗೋ ಅನ್ನದಾನ ನಡೆಯುತ್ತಲೇ ಇರುತ್ತದೆ. ಕೊರತೆ ಇರುವುದು ಬೇರೆ ಕಡೆ. ಒಂದು ಬಡ ಕುಟುಂಬದ ಜೊತೆ ಆರು ತಿಂಗಳು ನಿಂತು, ಅವರ ರೇಷನ್ ಕಾರ್ಡು, ಮಕ್ಕಳ ಫೀಸು, ಅತ್ತೆಯ ಶುಗರ್ ಮಾತ್ರೆ, ಆಸ್ಪತ್ರೆಯ ಓಡಾಟ ಎಲ್ಲವನ್ನೂ ಒಟ್ಟಿಗೆ ನೋಡುವವರು ಕಡಿಮೆ. ಅದಕ್ಕೆ ಬೇಕಾದದ್ದು ಒಂದು ಮೇಜು, ಒಂದು ಬೆಂಚು, ವಾರಕ್ಕೆ ಎರಡು ಗಂಟೆ ಮತ್ತು ಕೆಲಸ ಬಿಟ್ಟು ಓಡಿಹೋಗದ ಆರು ಜನ.

ದೇವಸ್ಥಾನ, ಚರ್ಚು, ಮಸೀದಿ, ಬಸದಿ, ಮಠ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಾಗಿಲು ತೆರೆದಿರುತ್ತದೆ, ನೆರಳಿರುತ್ತದೆ, ಬಡವರು ಒಳಗೆ ಬರಲು ಹಿಂಜರಿಯುವುದಿಲ್ಲ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಲು ಅಂಜುವ ಹೆಂಗಸು ಗುಡಿಯ ಜಗಲಿಯಲ್ಲಿ ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ. ಈ ನಂಬಿಕೆಯನ್ನು ಬಳಸಿಕೊಂಡು ಕೆಲಸ ಮಾಡುವುದು ಹೇಗೆ ಎಂಬುದನ್ನು ಮುಂದೆ ಹಂತಹಂತವಾಗಿ ಹೇಳಿದೆ.

ಮೊದಲು ಜನ, ಆಮೇಲೆ ದುಡ್ಡು

ಕನಿಷ್ಠ ಆರು ಜನ ಬೇಕು. ಇಬ್ಬರು ಮೇಜಿಗೆ, ಇಬ್ಬರು ಮನೆ ಭೇಟಿಗೆ, ಒಬ್ಬರು ಲೆಕ್ಕಕ್ಕೆ, ಒಬ್ಬರು ಸಾಮಾನು ತರಲು ಮತ್ತು ದಾಸ್ತಾನು ನೋಡಲು. ಇವರಲ್ಲಿ ಅರ್ಧದಷ್ಟು ಹೆಂಗಸರಿರಲೇಬೇಕು. ಗಂಡನ ಕುಡಿತ, ಗರ್ಭಕೋಶದ ತೊಂದರೆ, ಮನೆಯೊಳಗಿನ ಹೊಡೆತ ಇವನ್ನೆಲ್ಲ ಯಾವ ತಾಯಿಯೂ ಗಂಡಸರ ಮುಂದೆ ಹೇಳುವುದಿಲ್ಲ. ಕನ್ನಡದ ಜೊತೆಗೆ ತಮಿಳು, ತೆಲುಗು, ದಖನಿ ಉರ್ದು ಬಲ್ಲವರು ಒಬ್ಬೊಬ್ಬರಿದ್ದರೆ ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿ ಕೆಲಸ ಸಲೀಸು.

ಮೇಜು ಹಾಕುವ ಸಮಯವನ್ನು ಸ್ವಯಂಸೇವಕರ ಅನುಕೂಲ ನೋಡಿ ಗೊತ್ತುಮಾಡಬೇಡಿ. ಮನೆಗೆಲಸದವರು ಹೆಚ್ಚಿರುವ ಕಡೆ ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು. ಬೆಳಗಿನ ಮನೆಗಳು ಮುಗಿದು ಸಂಜೆಯ ಪಾತ್ರೆ ಶುರುವಾಗುವ ಮೊದಲು ಸಿಗುವ ಬಿಡುವು ಅದೊಂದೇ. ಗಾರ್ಮೆಂಟ್ಸ್ ಮತ್ತು ಗಾರೆ ಕೆಲಸದವರಿಗೆ ಸಂಜೆ ಏಳರ ಮೇಲೆ ಅಥವಾ ಭಾನುವಾರ. ಒಂದು ದಿನ ಗೊತ್ತುಮಾಡಿದ ಮೇಲೆ ಮಳೆ ಬರಲಿ ಹಬ್ಬ ಬರಲಿ ಆ ದಿನ ಯಾರಾದರೂ ಮೇಜಿನಲ್ಲಿರಬೇಕು. ಕೂಲಿ ಬಿಟ್ಟು ಬಂದವರು ಖಾಲಿ ಬೆಂಚು ನೋಡಿ ವಾಪಸು ಹೋದರೆ ಮತ್ತೆ ಬರುವುದಿಲ್ಲ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಇಪ್ಪತ್ತು ಕುಟುಂಬಗಳಿಗೆ ತಿಂಗಳ ದಿನಸಿ ಕಿಟ್ಟಿಗೆ ತಲಾ ಸುಮಾರು 1,500 ರೂ. ಎಂದರೆ 30,000. ಔಷಧಿ, ಫೀಸು, ಓಡಾಟದ ತುರ್ತಿಗೆ ಇನ್ನೊಂದು 15,000. ತಿಂಗಳಿಗೆ 45,000 ರೂ. ಮೂರು ತಿಂಗಳ ಹಣ, ಅಂದರೆ 1,35,000 ರೂ. ಬ್ಯಾಂಕಿನಲ್ಲಿ ಕೂತ ಮೇಲೆ ಮೊದಲ ಚೀಲ ಕೊಡಿ. ಇಂಥ ಕೆಲಸಗಳು ನಿಂತುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ದೀಪಾವಳಿಯ ಹುರುಪಿನಲ್ಲಿ ಅರವತ್ತು ಕುಟುಂಬ ಹಚ್ಚಿಕೊಂಡು ಯುಗಾದಿ ಹೊತ್ತಿಗೆ ಕೈಯೆತ್ತಿಬಿಡುತ್ತಾರೆ. ಅಷ್ಟರಲ್ಲಿ ಆ ಮನೆಯವರು ಕಿಟ್ ಬರುತ್ತದೆಂದು ನಂಬಿ ಬೇರೆ ಸಾಲಕ್ಕೆ ಒಪ್ಪಿಕೊಂಡಿರುತ್ತಾರೆ. ಇಪ್ಪತ್ತರಿಂದ ಶುರುಮಾಡಿ, ವರ್ಷದ ಕೊನೆಗೆ ಮೂವತ್ತಾದರೆ ಸಾಕು.

ಈ ಕೆಲಸಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ, ಇಬ್ಬರ ಸಹಿ ಕಡ್ಡಾಯವಾಗಲಿ. ಮುಜರಾಯಿ ದೇವಸ್ಥಾನದ ಹುಂಡಿ ಹಣವನ್ನು ಸಮಿತಿ ತನ್ನಿಷ್ಟದಂತೆ ಇಂಥದ್ದಕ್ಕೆ ತೆಗೆಯುವಂತಿಲ್ಲ, ಇಲಾಖೆಯ ಒಪ್ಪಿಗೆ ಬೇಕು. ಭಕ್ತರಿಂದ ಈ ಉದ್ದೇಶಕ್ಕೇ ಎಂದು ಪ್ರತ್ಯೇಕವಾಗಿ ಎತ್ತಿದ ಹಣ ವಾಸಿ. ಮಸೀದಿಯಲ್ಲಿ ಜಕಾತ್‌ಗೂ (ಕಡ್ಡಾಯ ದಾನ) ಸದಕಾಗೂ (ಮನಸ್ಸಿಗೆ ಬಂದಂತೆ ಕೊಡುವ ದಾನ) ಬೇರೆ ಬೇರೆ ಪುಸ್ತಕವಿಡಬೇಕು. ಜಕಾತ್ ಯಾರಿಗೆ ಸಲ್ಲಬೇಕೆಂಬುದಕ್ಕೆ ಧರ್ಮದ ಕಟ್ಟಳೆಯಿದೆ. ಸದಕಾ ಹಣ ನೆರೆಯ ಯಾವ ಮನೆಗಾದರೂ ಹೋಗಬಹುದು. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಕೊಟ್ಟವರ ಮನಸ್ಸಿಗೆ ನೋವಾಗುತ್ತದೆ, ಅವರು ಮುಂದಿನ ವರ್ಷ ಕೊಡುವುದಿಲ್ಲ.

ದಾನಿಗಳು 80ಜಿ ರಸೀದಿ, ಅಂದರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯಲು ಬೇಕಾದ ರಸೀದಿ ಕೇಳುತ್ತಾರೆ. ಒಂದೇ ಧರ್ಮದ ಅಥವಾ ಜಾತಿಯ ಜನರಿಗಾಗಿ ಮಾತ್ರ ಎಂದು ಬರೆದುಕೊಂಡ ಟ್ರಸ್ಟಿಗೆ ಸಾಮಾನ್ಯವಾಗಿ ಆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಸೇವೆಗೆಂದೇ ಬೇರೆ ಟ್ರಸ್ಟ್ ಮಾಡುವಾಗ ಪತ್ರದಲ್ಲಿ ‘ಜಾತಿ, ಮತ ಭೇದವಿಲ್ಲದೆ’ ಎಂಬ ಮಾತು ಇರಲಿ, ನಡವಳಿಕೆಯಲ್ಲೂ ಇರಲಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ದಾನಿಗೆ ತೆರಿಗೆ ರಿಯಾಯಿತಿ ಇಲ್ಲ, ಇದನ್ನು ಮೊದಲೇ ಹೇಳಿಬಿಡಿ. ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಕನ್ನಡಿಗರು ಕಳಿಸುತ್ತೇವೆಂದಾಗ ಒಂದು ಪ್ರಶ್ನೆ ಕೇಳಿ: ನಿಮ್ಮದು ಯಾವ ದೇಶದ ಪಾಸ್‌ಪೋರ್ಟ್? ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಗೊತ್ತಿಲ್ಲದೆ ತೆಗೆದುಕೊಂಡರೂ ಅದು ತಪ್ಪೇ.

ಬೆಂಚಿನ ಮೇಲೆ ಕೂತವರ ಜೊತೆ ಮಾತು

ಬಂದವರನ್ನು ಮೊದಲು ಕೂರಿಸಿ, ನೀರು ಕೊಡಿ. ‘ಬನ್ನಿ ಅಮ್ಮ’, ‘ಕೂತ್ಕೊಳ್ಳಿ ಅಕ್ಕ’, ‘ಹೇಳಿ ಅಣ್ಣ’ ಎಂದೇ ಕರೆಯಿರಿ. ಇಪ್ಪತ್ತೈದರ ಹುಡುಗ ಐವತ್ತರ ಹೆಂಗಸನ್ನು ‘ಏನಮ್ಮ, ನಿನ್ನ ಹೆಸರೇನು’ ಎಂದು ಏಕವಚನದಲ್ಲಿ ಕೇಳಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಆಕೆ ಚೀಲ ಒಯ್ಯುತ್ತಾಳೆ, ಮನೆಯ ನಿಜಸ್ಥಿತಿ ಮಾತ್ರ ಹೇಳುವುದಿಲ್ಲ.

ಒಂದು ಹಾಳೆಯ ಫಾರಂ ಸಾಕು. ಮನೆಯಲ್ಲಿ ಎಷ್ಟು ಜನ, ಯಾರು ದುಡಿಯುತ್ತಾರೆ, ತಿಂಗಳಿಗೆ ಎಷ್ಟು ದಿನ ಕೆಲಸ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಉಳಿದಿದೆ. ರೇಷನ್ ಕಾರ್ಡ್ ಯಾವ ಬಗೆಯದು, ಯಾವ ಊರಿನದು. ಮಕ್ಕಳು ಯಾವ ಶಾಲೆ, ಯಾವ ತರಗತಿ. ದಿನಾ ಮಾತ್ರೆ ನುಂಗುವವರು ಯಾರು. ಯಾವ ಸರ್ಕಾರಿ ಹಣ ಬರುತ್ತಿದೆ, ಯಾವುದು ಬಂದು ನಿಂತಿದೆ. ಕೊನೆಯದಾಗಿ ಸಾಲ: ಯಾರಿಗೆ, ವಾರಕ್ಕೆ ಎಷ್ಟು ಕಂತು.

ಈ ಕೊನೆಯ ಪ್ರಶ್ನೆಯನ್ನು ಬಿಟ್ಟರೆ ಮನೆಯ ಲೆಕ್ಕವೇ ತಪ್ಪುತ್ತದೆ. ಗಂಡ ಹೆಂಡತಿ ಸೇರಿ 18,000 ದುಡಿಯುವ ಮನೆ ಮೇಲ್ನೋಟಕ್ಕೆ ಅಷ್ಟೇನೂ ಕಷ್ಟದಲ್ಲಿಲ್ಲ ಎನಿಸುತ್ತದೆ. ಬಾಡಿಗೆ 7,000 ಹೋಯಿತು. ಸಂಘದ ಸಾಲ, ಫೈನಾನ್ಸ್ ಸಾಲದ ಕಂತು ವಾರಕ್ಕೆ 1,200 ಎಂದರೆ ತಿಂಗಳಿಗೆ ಇನ್ನೊಂದು 5,000. ಉಳಿದದ್ದು 6,000, ತಿನ್ನುವವರು ಐದು ಜನ. ಹಾಗೆಂದು ಆ ಸಾಲವನ್ನು ನೀವು ತೀರಿಸಲು ಹೋಗಬೇಡಿ. ತೀರಿದ ತಿಂಗಳೇ ಹೊಸ ಸಾಲ ಮನೆ ಬಾಗಿಲಿಗೆ ಬರುತ್ತದೆ. ಅದರ ಬದಲು ಎರಡು ಮೂರು ಸಾಲಗಳಲ್ಲಿ ಬಡ್ಡಿ ಹೆಚ್ಚಿರುವುದು ಯಾವುದು ಎಂದು ಕೂತು ಲೆಕ್ಕ ಹಾಕಿಕೊಡಿ, ಹೆಚ್ಚಾಗಿ ಅದು ಮೀಟರ್ ಬಡ್ಡಿಯದೇ ಆಗಿರುತ್ತದೆ. ಮನೆ ಮುಂದೆ ಬಂದು ಕೂಗಾಡುವ, ಬೀಗ ಹಾಕುವ ವಸೂಲಿಗಾರರಿದ್ದರೆ ಕರ್ನಾಟಕದಲ್ಲಿ 2025ರಿಂದ ಕಿರುಸಾಲದ ಬಲವಂತದ ವಸೂಲಿ ತಡೆಯುವ ಕಾನೂನಿದೆ. ಠಾಣೆಗೆ ಆ ಕುಟುಂಬದ ಜೊತೆ ನಿಮ್ಮಲ್ಲೊಬ್ಬರು ಹೋಗಿ.

ಆಧಾರ್ ಕಾರ್ಡನ್ನು ನೋಡಿ ವಾಪಸು ಕೊಡಿ, ಫಾರಂನಲ್ಲಿ ಕೊನೆಯ ನಾಲ್ಕು ಅಂಕೆ ಬರೆದುಕೊಂಡರೆ ಸಾಕು. ಸ್ವಯಂಸೇವಕರ ವಾಟ್ಸಾಪ್ ಗುಂಪಿನಲ್ಲಿ ಯಾರದೇ ಆಧಾರ್, ಪಾಸ್‌ಬುಕ್, ವೈದ್ಯರ ಚೀಟಿಯ ಫೋಟೊ ಓಡಾಡಬಾರದು.

ಮನೆ ಭೇಟಿ

ಕ್ಯಾಥೊಲಿಕ್ ಚರ್ಚುಗಳಲ್ಲಿ ಕೆಲಸ ಮಾಡುವ ಸಂತ ವಿನ್ಸೆಂಟ್ ಡಿ ಪೌಲ್ ಸಂಘ 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಬಡವರ ಮನೆಗೆ ತಾವೇ ಹೋಗುವುದು, ಹೋಗುವಾಗ ಇಬ್ಬರು ಜೊತೆಯಾಗಿ ಹೋಗುವುದು ಅವರ ಪದ್ಧತಿ. ಯಾವ ಧರ್ಮದವರೂ ಅದನ್ನು ಹಾಗೇ ಎತ್ತಿಕೊಳ್ಳಬಹುದು. ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಕಣ್ಣು ಬಿಟ್ಟು ನೋಡುತ್ತಾರೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರದರಿಂದ ತಿದ್ದುಪಡಿಯಾಗುತ್ತದೆ, ಮೇಲೆ ಯಾರೂ ಬೆರಳು ತೋರಿಸುವಂತಾಗುವುದಿಲ್ಲ.

ಮೊದಲೇ ಫೋನ್ ಮಾಡಿ ಹೋಗಿ. ಇಪ್ಪತ್ತು ನಿಮಿಷ ಸಾಕು. ಅಕ್ಕಿ ಡಬ್ಬಿ ತೆಗೆದು ನೋಡುವುದು, ಟಿವಿ ಇದೆಯಲ್ಲ ಎನ್ನುವುದು ಬೇಡ. ಟಿವಿ ಐದು ವರ್ಷದ ಹಿಂದೆ ಕೆಲಸ ಚೆನ್ನಾಗಿದ್ದಾಗ ಕೊಂಡದ್ದಿರಬಹುದು. ನೋಡಬೇಕಾದದ್ದು ಬೇರೆ: ಸಿಲಿಂಡರ್ ಇದೆಯೋ ಸೌದೆ ಒಲೆಯೋ, ಶೌಚಾಲಯ ಎಷ್ಟು ಮನೆಗೆ ಒಂದು, ಮಗು ಶಾಲೆಯ ಹೊತ್ತಿನಲ್ಲಿ ಮನೆಯಲ್ಲಿ ಯಾಕಿದೆ, ಮೂಲೆಯಲ್ಲಿ ಮಲಗಿರುವ ಅಜ್ಜಿಯನ್ನು ವೈದ್ಯರು ಕೊನೆಯ ಸಲ ನೋಡಿದ್ದು ಯಾವಾಗ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಪಕ್ಕದ ಶೆಡ್ಡಿನಲ್ಲಿರುವ ಕುಟುಂಬಗಳನ್ನು ಹುಡುಕಿಕೊಂಡೇ ಹೋಗಬೇಕು. ಅವರಾಗಿ ಮೇಜಿಗೆ ಬರುವುದು ಅಪರೂಪ, ಕಟ್ಟಡ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಇಂಥವರ ಫಾರಂನಲ್ಲಿ ಮೇಸ್ತ್ರಿಯ ನಂಬರೂ ಇರಲಿ.

ಚೀಲದೊಳಗೆ ಏನಿರಬೇಕು

ಅಕ್ಕಿ ಮೂಟೆ ಹಂಚುವುದು ಕೊಡುವವರಿಗೆ ತೃಪ್ತಿ ಕೊಡುತ್ತದೆ, ಆದರೆ ಬಿಪಿಎಲ್ ಕಾರ್ಡಿರುವ ಮನೆಗೆ ಅಕ್ಕಿ ಅನ್ನಭಾಗ್ಯದಲ್ಲಿ ಬರುತ್ತದೆ. ನೀವು ಕೊಟ್ಟದ್ದು ಅಂಗಡಿಗೆ ಮಾರಾಟವಾದರೆ ಅವರನ್ನು ಬೈಯಬೇಡಿ, ಅವರಿಗೆ ಬೇಕಾದದ್ದು ಬೇಳೆ ಮತ್ತು ಎಣ್ಣೆ. ನಾಲ್ಕೈದು ಜನರ ಮನೆಗೆ ಒಂದು ತಿಂಗಳಿಗೆ: ತೊಗರಿಬೇಳೆ 2 ಕೆಜಿ, ಎಣ್ಣೆ 2 ಲೀಟರ್, ಹೆಸರುಕಾಳು ಮತ್ತು ಕಡಲೆಕಾಳು ತಲಾ 1 ಕೆಜಿ, ರಾಗಿಹಿಟ್ಟು 5 ಕೆಜಿ, ಕಡಲೆಕಾಯಿ ಬೀಜ 1 ಕೆಜಿ, ಸಕ್ಕರೆ 1 ಕೆಜಿ, ಉಪ್ಪು 1 ಕೆಜಿ, ಖಾರದಪುಡಿ ಕಾಲು ಕೆಜಿ, ಟೀ ಪುಡಿ ಕಾಲು ಕೆಜಿ, ಎರಡು ಸೋಪು. ಉತ್ತರ ಕರ್ನಾಟಕದವರಿಗೆ ರಾಗಿಯ ಬದಲು ಜೋಳದ ಹಿಟ್ಟು ಹಾಕಿ. ಕಾರ್ಡೇ ಇಲ್ಲದ ಮನೆಗೆ ಮಾತ್ರ ಇದರ ಮೇಲೆ 10 ಕೆಜಿ ಅಕ್ಕಿ. ಪುಟ್ಟ ಮಗುವೋ ಬಸುರಿಯೋ ಇದ್ದರೆ ಬೆಲ್ಲ 1 ಕೆಜಿ ಸೇರಿಸಿ, ಜೊತೆಗೆ ಅಂಗನವಾಡಿಯಲ್ಲಿ ಹೆಸರು ಬರೆಸಿದ್ದಾರೆಯೇ ಎಂದು ವಿಚಾರಿಸಿ.

ಇದೆಲ್ಲ ಸೇರಿ ಹದಿನೈದು ಕೆಜಿಯ ಹತ್ತಿರ ಬರುತ್ತದೆ. ಒಂದೇ ಚೀಲ ಮಾಡಿದರೆ ಒಂದೂವರೆ ಕಿಲೋಮೀಟರ್ ನಡೆಯಬೇಕಾದ ಹೆಂಗಸು ಆಟೊಗೆ 60 ರೂಪಾಯಿ ಕೊಡಬೇಕಾಗುತ್ತದೆ. ಎರಡು ಕೈಚೀಲ ಮಾಡಿ, ಎಣ್ಣೆ ಪ್ಯಾಕೆಟ್ಟು ಹಿಟ್ಟಿನ ಚೀಲದಲ್ಲಿ ಬೇಡ. ಒಡೆದರೆ ಐದು ಕೆಜಿ ಹಿಟ್ಟೂ ಹೋಗುತ್ತದೆ. ಮಳೆಗಾಲದಲ್ಲಿ ಹಿಟ್ಟು, ಕಾಳು ಬೇಗ ಹುಳು ಹಿಡಿಯುತ್ತವೆ, ಆದ್ದರಿಂದ ಹಂಚುವ ವಾರದಲ್ಲೇ ತನ್ನಿ. ದಾಸ್ತಾನನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲೆ ಇಡಿ.

ಎಲ್ಲರನ್ನೂ ಒಂದೇ ಹೊತ್ತಿಗೆ ಕರೆದು ಸಾಲು ನಿಲ್ಲಿಸುವುದು ಬೇಡ. ಕಾಲು ಗಂಟೆಗೆ ನಾಲ್ಕು ಮನೆಯಂತೆ ಸಮಯ ಕೊಟ್ಟರೆ ಇಪ್ಪತ್ತು ಮನೆ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಂತಾಗುವುದಿಲ್ಲ. ಮೂರು ತಿಂಗಳಾದ ಮೇಲೆ ಪರಿಚಯದ ದಿನಸಿ ಅಂಗಡಿಗೆ ಚೀಟಿ ಕೊಡುವ ಕ್ರಮಕ್ಕೆ ಹೋಗಬಹುದು. ಬೇಕಾದದ್ದನ್ನು ಆಕೆಯೇ ಆರಿಸಿಕೊಳ್ಳುತ್ತಾಳೆ, ಅದು ಇನ್ನೂ ಚೆಂದ. ಆಗ ಒಂದು ವಿಷಯ ಗಮನಿಸಬೇಕು: ಅಂಗಡಿಯವರು ಆ ಚೀಟಿಯನ್ನು ಆಕೆಯ ಹಳೇ ಬಾಕಿಗೆ ಜಮಾ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಬಾರದೆಂದು ಮೊದಲೇ ಖಚಿತವಾಗಿ ಮಾತಾಡಿಕೊಳ್ಳಿ.

ಕಾಗದಪತ್ರ: ಮೇಜಿನ ನಿಜವಾದ ಕೆಲಸ

ಕಿಟ್ಟಿನ ಬೆಲೆ 1,500. ನಿಂತುಹೋದ ಗೃಹಲಕ್ಷ್ಮಿ ಹಣ ಮತ್ತೆ ಬರುವಂತೆ ಮಾಡಿದರೆ ಆ ಮನೆಗೆ ತಿಂಗಳಿಗೆ 2,000, ಅದೂ ನಿಮ್ಮ ಮುಂದೆ ಕೈಯೊಡ್ಡದೆ. ಆದ್ದರಿಂದ ಸ್ವಯಂಸೇವಕರ ಹೊತ್ತಿನಲ್ಲಿ ಹೆಚ್ಚಿನ ಪಾಲು ಇಲ್ಲಿಗೆ ಹೋಗಬೇಕು.

‘ದುಡ್ಡು ಬರ್ತಿಲ್ಲ’ ಎಂದು ಬಂದವರಿಗೆ ಹೊಸ ಅರ್ಜಿ ಹಾಕಿಸಲು ಓಡಬೇಡಿ. ಹೀಗೆ ಒಂದೊಂದಾಗಿ ನೋಡಿ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಆಕೆಯ ಹೆಸರೇ ಇದೆಯೇ? ಅತ್ತೆಯ ಹೆಸರಿದ್ದರೆ ಹಣ ಅತ್ತೆಗೆ ಹೋಗುತ್ತದೆ. ಕಾರ್ಡಿನಲ್ಲಿರುವ ಎಲ್ಲರ ಇ-ಕೆವೈಸಿ ಆಗಿದೆಯೇ? ಆಮೇಲೆ ಆಧಾರ್ ಜಾಲತಾಣದಲ್ಲಿ ಆಕೆಯ ಮೊಬೈಲಿಗೆ ಬರುವ ಒಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್‌ಗೆ ಯಾವ ಬ್ಯಾಂಕಿನ ಖಾತೆ ಜೋಡಣೆಯಾಗಿದೆ ಎಂಬುದನ್ನು ನೋಡಿ. ಬಹಳ ಸಲ ಗುಟ್ಟು ಇಲ್ಲಿರುತ್ತದೆ. ಸರ್ಕಾರದ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಗಾರ್ಮೆಂಟ್ಸಿಗೆ ಸೇರಿದಾಗ ಕಂಪನಿಯವರು ತೆರೆಸಿದ ಖಾತೆಯೊಂದು ಇದ್ದು, ಕೆಲಸ ಬಿಟ್ಟ ಮೇಲೆ ಅದನ್ನು ಮರೆತಿರುತ್ತಾರೆ. ಹಣ ಅಲ್ಲೇ ಬೀಳುತ್ತಿರುತ್ತದೆ, ಅಥವಾ ಎರಡು ವರ್ಷ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿ ವಾಪಸಾಗುತ್ತಿರುತ್ತದೆ. ಈಗ ಬಳಸುವ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಕೊಡಿಸಿ, ಒಂದೆರಡು ವಾರ ಬಿಟ್ಟು ಮತ್ತೆ ಸ್ಥಿತಿ ನೋಡಿ. ಬ್ಯಾಂಕಿನ ಅಲೆದಾಟ ಹೆಚ್ಚಾದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ಸುಲಭದ ದಾರಿ, ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ತೆರೆದುಕೊಡುತ್ತಾರೆ.

ರೇಷನ್ ಅಂಗಡಿಯಲ್ಲಿ ‘ತಂಬ್ ತಗೊಳ್ತಿಲ್ಲ’ ಎಂಬುದು ಇನ್ನೊಂದು ನಿತ್ಯದ ಗೋಳು. ಸಿಮೆಂಟು ಕಲೆಸುವವರ, ಪಾತ್ರೆ ತೊಳೆಯುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ಆ ಕಾರ್ಡಿನಲ್ಲಿ ಹೆಸರಿರುವ ಬೇರೆ ಯಾರು ಬೇಕಾದರೂ ಹೆಬ್ಬೆಟ್ಟು ಕೊಡಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೈ ತೊಳೆದು ಒರೆಸಿ, ಒಂದು ಬೆರಳು ಬಾರದಿದ್ದರೆ ಬೇರೆ ಬೆರಳು ಕೊಡಲಿ. ಆಗಲೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು, ಕಣ್ಣಿನ ಗುರುತು ಎರಡನ್ನೂ ಹೊಸದಾಗಿ ಕೊಡಿಸಿ. ಮಕ್ಕಳಿಗೆ ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಒಮ್ಮೆ ಬಯೋಮೆಟ್ರಿಕ್ ಅಪ್‌ಡೇಟ್ ಕಡ್ಡಾಯ. ಸಕಾಲದಲ್ಲಿ ಮಾಡಿಸಿದರೆ ಅದಕ್ಕೆ ಶುಲ್ಕವಿಲ್ಲ.

ಊರಿನ ಕಾರ್ಡು ಬೆಂಗಳೂರಿನಲ್ಲಿ ನಡೆಯುವುದಿಲ್ಲ ಎಂದುಕೊಂಡು ಸುಮ್ಮನಿರುವ ಕುಟುಂಬಗಳು ಬೇಕಾದಷ್ಟಿವೆ. ಕರ್ನಾಟಕದ ಕಾರ್ಡಿಗೆ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ರೇಷನ್ ಪಡೆಯಬಹುದು. ಆಂಧ್ರ, ತಮಿಳುನಾಡು, ಬಿಹಾರದ ಕಾರ್ಡಿಗೂ ‘ಒಂದು ದೇಶ ಒಂದು ಪಡಿತರ’ ವ್ಯವಸ್ಥೆಯಡಿ ಕೇಂದ್ರದ ಪಾಲು ಇಲ್ಲೇ ಸಿಗುತ್ತದೆ. ಅಂಗಡಿಯವರು ಇಲ್ಲವೆಂದರೆ ಒಬ್ಬರು ಜೊತೆಗೆ ಹೋಗಿ ನಿಂತರೆ ಸಾಕು, ಹೆಚ್ಚಿನ ಸಲ ಕೆಲಸವಾಗುತ್ತದೆ.

ಗಾರೆ ಕೆಲಸ, ಪೇಂಟಿಂಗ್, ಸೆಂಟ್ರಿಂಗ್ ಮಾಡುವವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿ. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಆ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಕಟ್ಟಡದ ಕೆಲಸವನ್ನೇ ಮಾಡದವರಿಗೆ ದಲ್ಲಾಳಿಗಳು ದುಡ್ಡು ತೆಗೆದುಕೊಂಡು ಈ ಕಾರ್ಡು ಮಾಡಿಸುತ್ತಾರೆ. ಅದಕ್ಕೆ ನಿಮ್ಮ ಮೇಜು ಯಾವತ್ತೂ ಕೈಜೋಡಿಸಬಾರದು. ತನಿಖೆಯಲ್ಲಿ ಅಂಥವು ರದ್ದಾಗುವಾಗ ನಿಜವಾದ ಕಾರ್ಮಿಕರೂ ಸಿಕ್ಕಿಹಾಕಿಕೊಂಡು ಒದ್ದಾಡುತ್ತಾರೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಸಿಟ್ಟುಕೊಳ್ಳಲಿ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದ (ಎಸ್‌ಎಸ್‌ಪಿ) ಅರ್ಜಿಗೆ ಅವುಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಅಲ್ಲಿ ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಲಕ್ಷ್ಮಿ ಎಂ’, ಶಾಲೆಯ ದಾಖಲೆಯಲ್ಲಿ ‘ಮಹಾಲಕ್ಷ್ಮಿ’. ಯಾವುದನ್ನು ತಿದ್ದಿಸುವುದು ಸುಲಭ ಎಂದು ಯೋಚಿಸಿ ಒಂದನ್ನೇ ಸರಿಮಾಡಿಸಿ. ಹತ್ತನೇ ತರಗತಿಗೆ ಬಂದ ಮೇಲಾದರೆ ಶಾಲೆಯ ದಾಖಲೆಯಂತೆ ಆಧಾರ್ ತಿದ್ದಿಸುವುದೇ ಕ್ಷೇಮ, ಏಕೆಂದರೆ ಅಂಕಪಟ್ಟಿ ಜೀವನಪೂರ್ತಿ ಇರುತ್ತದೆ.

ಕಾಯಿಲೆ ಬಂದಾಗ

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ರಾತ್ರಿ ಎದೆನೋವು ಬಂತೆಂದು ಹತ್ತಿರದ ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸುತ್ತಾರೆ, ಒಡವೆ ಅಡವಿಟ್ಟು 50,000 ಕಟ್ಟುತ್ತಾರೆ, ಮೂರನೇ ದಿನ ಬಿಲ್ಲು ಹಿಡಿದುಕೊಂಡು ಮೇಜಿಗೆ ಬರುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ಮುಂಚಿತವಾಗಿ ನೋಂದಾಯಿಸಿ ನಡೆಯಬೇಕು. ಕೈಯಿಂದ ಕಟ್ಟಿದ ಹಣ ವಾಪಸು ಬರುವುದಿಲ್ಲ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಇದನ್ನು ಕಾಯಿಲೆ ಬರುವ ಮೊದಲೇ ಪ್ರತಿ ಮನೆಗೂ ತಿಳಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿಗೇ ಪಿನ್ ಮಾಡಿಕೊಡಿ.

ಧಾರ್ಮಿಕ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳಿಗೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯಿದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹೃದಯ ಮತ್ತು ನರರೋಗಗಳಿಗೆ ಹಣ ಪಡೆಯದೆ ಚಿಕಿತ್ಸೆ ಕೊಡುತ್ತಿದೆ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಬೆಳಗ್ಗೆ ಬೇಗ ಹೋಗಬೇಕು. ನೃಪತುಂಗ ರಸ್ತೆಯಲ್ಲಿ 1886ರಿಂದ ಇರುವ ಸೇಂಟ್ ಮಾರ್ಥಾಸ್, ಕೋರಮಂಗಲದ ಸೇಂಟ್ ಜಾನ್ಸ್ ಇಂಥವುಗಳಲ್ಲಿ ಎಲ್ಲವೂ ಉಚಿತವಲ್ಲ. ಇಂಥ ಕಡೆ ಬಿಲ್ಲಿಂಗ್ ಕೌಂಟರಿನ ಮುಂದೆ ಅಳುತ್ತ ನಿಲ್ಲುವ ಬದಲು ಸಮಾಜಕಾರ್ಯ ವಿಭಾಗ ಎಲ್ಲಿದೆ ಎಂದು ಕೇಳಬೇಕು, ಅದೂ ಸೇರಿಸಿದ ಮೊದಲ ದಿನವೇ. ಬಿಡುಗಡೆಯ ದಿನ ಕೇಳಿದರೆ ಅವರಿಂದಲೂ ಹೆಚ್ಚೇನೂ ಆಗದು. ನಿಮ್ಮ ಮೇಜಿನಿಂದ ಮನೆಯ ಆದಾಯ, ಸಾಲ, ಜನಸಂಖ್ಯೆ ಬರೆದ ಅರ್ಧ ಪುಟದ ಪತ್ರವಿದ್ದರೆ ಅವರಿಗೂ ತೀರ್ಮಾನಿಸಲು ಅನುಕೂಲ. ಕಾಲು ಕಳೆದುಕೊಂಡವರಿಗೆ ಜೈಪುರ ಕಾಲನ್ನು ಉಚಿತವಾಗಿ ಕೊಡುವ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ 1975ರಿಂದ ಕೆಲಸ ಮಾಡುತ್ತಿದೆ, ಅದರ ಶಿಬಿರಗಳ ಮೇಲೆ ಕಣ್ಣಿಟ್ಟಿರಿ.

ಹಣ ಕೊಡಬೇಕಾಗಿ ಬಂದರೆ ಆಸ್ಪತ್ರೆಯ ಹೆಸರಿಗೇ ಕಟ್ಟಿ. ಬಿಪಿ, ಶುಗರ್ ಮಾತ್ರೆಗಳನ್ನು ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ಕೇಳಿ, ಅಲ್ಲಿ ಇಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೊಡಿಸಿ. ದುಡ್ಡಿಲ್ಲದಾಗ ಎಷ್ಟೋ ಹಿರಿಯರು ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಾರೆ. ‘ಮಾತ್ರೆ ತಗೋತಿದ್ದೀರಾ?’ ಎಂದರೆ ಹೂಂ ಎನ್ನುತ್ತಾರೆ. ‘ಪಟ್ಟಿ ತೋರಿಸಿ ಅಜ್ಜಿ’ ಎಂದು ಕೈಗೆ ತೆಗೆದುಕೊಂಡು ಎಣಿಸಿದರೆ ನಿಜ ಗೊತ್ತಾಗುತ್ತದೆ.

ಫೀಸು, ಹಾಸ್ಟೆಲು

ಶಾಲೆಯ ಫೀಸನ್ನು ಚೆಕ್ ಮೂಲಕ ಶಾಲೆಗೇ ಕಟ್ಟಿ, ಎರಡು ಕಂತಿನಲ್ಲಿ. ಎರಡನೆಯದನ್ನು ಮಗುವಿನ ಹಾಜರಾತಿ ನೋಡಿ ಕೊಡಿ. ಐದು ಮಕ್ಕಳಿಗೆ ಅರ್ಧರ್ಧ ಕೊಡುವುದಕ್ಕಿಂತ ಇಬ್ಬರಿಗೆ ವರ್ಷ ಪೂರ್ತಿ ಕೊಡುವುದು ಮೇಲು. ಅರ್ಧ ಕಟ್ಟಿದ ಫೀಸು ಮಗುವನ್ನು ತರಗತಿಯ ಹೊರಗೆ ನಿಲ್ಲುವುದರಿಂದ ತಪ್ಪಿಸುವುದಿಲ್ಲ. ಶಿಕ್ಷಣ ಹಕ್ಕಿನ ಕಾಯ್ದೆಯಡಿ ಸಿಗುವ ಆರ್‌ಟಿಇ ಸೀಟಿನ ಆಸೆ ಹುಟ್ಟಿಸಬೇಡಿ: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕರ್ನಾಟಕದಲ್ಲಿ 2019ರಿಂದ ಸಿಗುತ್ತಿಲ್ಲ. ಫೀಸು ಬಾಕಿಯಿದೆಯೆಂದು ಖಾಸಗಿ ಶಾಲೆ ಟಿಸಿ ಕೊಡದಿದ್ದರೂ, ಎಂಟನೇ ತರಗತಿಯವರೆಗೆ ಟಿಸಿ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಶಾಲೆ ಮಗುವನ್ನು ವಾಪಸು ಕಳಿಸುವಂತಿಲ್ಲ. ಇದು ಶಿಕ್ಷಣ ಹಕ್ಕಿನ ಕಾಯ್ದೆಯ ಮಾತು, ಮುಖ್ಯ ಶಿಕ್ಷಕರಿಗೆ ವಿನಯದಿಂದ ನೆನಪಿಸಿ.

ಮನೆಯಲ್ಲಿ ಓದುವ ವಾತಾವರಣವೇ ಇಲ್ಲದ ಮಕ್ಕಳಿಗೆ ಹಾಸ್ಟೆಲು ಬೇಕಾಗುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಅನ್ನ, ಅಕ್ಷರ, ಆಶ್ರಯದ ತ್ರಿವಿಧ ದಾಸೋಹ ಜಾತಿ ಕೇಳದೆ ನಡೆದುಕೊಂಡು ಬಂದಿದೆ, ಸಾವಿರಾರು ಮಕ್ಕಳು ಅಲ್ಲಿ ಉಳಿದು ಓದುತ್ತಾರೆ. ಪ್ರವೇಶಕ್ಕೆ ಬೇಸಿಗೆ ರಜೆಯಲ್ಲೇ ವಿಚಾರಿಸಬೇಕು, ಜೂನ್ ನಡುವಿನಲ್ಲಿ ಹೋದರೆ ತಡ. ಊರಿನೊಳಗೆ ಸಮುದಾಯದ ಸಂಘಗಳ ವಿದ್ಯಾರ್ಥಿನಿಲಯಗಳೂ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳೂ ಇವೆ. ಆದರೆ ತಂದೆತಾಯಿ ಇಲ್ಲದ, ಅಥವಾ ಇದ್ದೂ ನೋಡಿಕೊಳ್ಳಲಾಗದ ಮಗುವನ್ನು ‘ಪರಿಚಯದ ಆಶ್ರಮವಿದೆ’ ಎಂದು ನೀವಾಗಿ ಒಯ್ದು ಬಿಡಬಾರದು. ಅಂಥ ಮಕ್ಕಳ ಮನೆಗಳು ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿರಬೇಕು, ಮಗು ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಹೋಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿದರೆ ದಾರಿ ತೋರಿಸುತ್ತಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ‘ಮನೆ ಮರ್ಯಾದೆ, ನಮ್ಮೊಳಗೇ ಸರಿಮಾಡೋಣ’ ಎಂದು ಧರ್ಮದ ಹಿರಿಯರು ಹೇಳಿದರೂ ಒಪ್ಪಬೇಡಿ. ಹಿರಿಯ ನಾಗರಿಕರಿಗೆ 14567, ಹೊಡೆತ ತಿನ್ನುವ ಹೆಂಗಸರಿಗೆ 181. ಈ ಮೂರು ನಂಬರು ಮೇಜಿನ ಮೇಲೆ ದಪ್ಪಕ್ಷರದಲ್ಲಿರಲಿ.

ಅಡುಗೆ ಮಾಡಿ ಬಡಿಸುವುದಾದರೆ

ನೂರು ಜನಕ್ಕೆ 11 ಕೆಜಿ ಅಕ್ಕಿ, ಸಾಂಬಾರಿಗೆ 3 ಕೆಜಿ ಬೇಳೆ, 8 ಕೆಜಿ ತರಕಾರಿ. ಲಾಭವಿಲ್ಲದೆ ಬಡಿಸಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅನ್ನ ಕೆಡುವುದು ಬೇಯಿಸುವಾಗಲ್ಲ, ಬೇಯಿಸಿ ಬೆಚ್ಚಗೆ ಮುಚ್ಚಿಟ್ಟಾಗ. ಆದ್ದರಿಂದ ಹನ್ನೆರಡೂವರೆಗೆ ಬಡಿಸುವ ಅನ್ನವನ್ನು ಹತ್ತೂವರೆಯ ಮೇಲೆ ಒಲೆಗಿಡಿ, ಒಟ್ಟಾರೆ ನಾಲ್ಕು ಗಂಟೆ ಮೀರಿದ್ದನ್ನು ಯಾರಿಗೂ ಕಟ್ಟಿಕೊಡಬೇಡಿ. ಬಿಸಿ ಅನ್ನವನ್ನು ಪ್ಯಾಕೆಟ್ಟಿಗೆ ತುಂಬಿ ಬಾಯಿ ಕಟ್ಟಿದರೆ ಬೆವರಿ ಬೇಗ ಹಳಸುತ್ತದೆ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆಸಿ ಜನ ಸತ್ತದ್ದನ್ನು ಮರೆಯುವಂತಿಲ್ಲ. ಅಡುಗೆಮನೆಗೆ ಬೀಗ, ಬೀಗದ ಕೈ ಒಬ್ಬರ ಜವಾಬ್ದಾರಿ, ಬಡಿಸುವ ಮೊದಲು ಇಬ್ಬರು ರುಚಿ ನೋಡುವುದು, ಪ್ರತಿ ಪದಾರ್ಥದ ಒಂದು ಸೌಟು ಎರಡು ದಿನ ಫ್ರಿಜ್ಜಿನಲ್ಲಿಡುವುದು ರೂಢಿಯಾಗಲಿ.

ನಂಬಿಕೆ ಮತ್ತು ನೆರವು

ಕಿಟ್ಟು ಪಡೆಯಲು ಭಜನೆಗೆ ಕೂರಬೇಕು, ಪ್ರಾರ್ಥನೆಗೆ ಬರಬೇಕು, ಕರಪತ್ರ ಒಯ್ಯಬೇಕು ಎಂಬ ಷರತ್ತು ಬಾಯಿಮಾತಿನಲ್ಲೂ ಇರಕೂಡದು. ದೇವರ ಹೆಸರಿನಲ್ಲಿ ಕೊಟ್ಟದ್ದಕ್ಕೆ ಬದಲಾಗಿ ಏನನ್ನಾದರೂ ಕೇಳಿದರೆ ಅದು ವ್ಯಾಪಾರ. ಬೇರೆ ಧರ್ಮದವರು ಒಳಗೆ ಬರಲು ಸಂಕೋಚಪಟ್ಟರೆ ಮೇಜನ್ನು ಗರ್ಭಗುಡಿಯ ಹತ್ತಿರದಿಂದ ಹೊರ ಅಂಗಳಕ್ಕೆ, ಗೇಟಿನ ಬಳಿಗೆ ಸರಿಸಿ. ಪಡೆಯುವವರ ಫೋಟೊ ಬೇಡವೇ ಬೇಡ. ದಾನಿಗಳು ಕೇಳಿದರೆ ಚೀಲಗಳ ಫೋಟೊ ಕಳಿಸಿ. ಆ ಮನೆಯ ಹುಡುಗಿ ನಾಳೆ ಕಾಲೇಜಿಗೆ ಹೋಗುವಾಗ ತನ್ನ ತಾಯಿ ಕೈಚಾಚಿದ ಚಿತ್ರ ಯಾರದೋ ಮೊಬೈಲಿನಲ್ಲಿ ಇರುವುದು ಬೇಡ. ಒಂದೇ ಬೀದಿಯಲ್ಲಿ ಚರ್ಚೂ ಮಸೀದಿಯೂ ಗುಡಿಯೂ ಇದ್ದರೆ ತಿಂಗಳಿಗೊಮ್ಮೆ ಮೂರೂ ಕಡೆಯವರು ಕೂತು ಮಾತಾಡಿ. ಒಂದೇ ಮನೆಗೆ ಮೂರು ಕಿಟ್ಟು, ಪಕ್ಕದ ಮನೆಗೆ ಒಂದೂ ಇಲ್ಲ ಎಂಬುದು ತಪ್ಪುತ್ತದೆ.

ಆರು ತಿಂಗಳಿಗೊಮ್ಮೆ ಪ್ರತಿ ಫಾರಂ ತೆಗೆದು ಅದೇ ಕುಟುಂಬವನ್ನು ಕೂರಿಸಿಕೊಂಡು ಓದಿ. ಕಾರ್ಡು ಸರಿಯಾಗಿದೆ, ಗೃಹಲಕ್ಷ್ಮಿ ಬರುತ್ತಿದೆ, ಮಗನಿಗೆ ಕೆಲಸ ಸಿಕ್ಕಿದೆ ಎಂದಾದರೆ ‘ಇನ್ನು ಮೂರು ತಿಂಗಳು ಕಿಟ್ ಇರುತ್ತದೆ, ಆಮೇಲೆ ನಿಲ್ಲಿಸೋಣವಾ ಅಮ್ಮ?’ ಎಂದು ಅವರನ್ನೇ ಕೇಳಿ. ಕಿಟ್ಟು ನಿಂತ ಮೇಲೂ ಆಕೆಯ ನಂಬರು ಪುಸ್ತಕದಲ್ಲಿರಲಿ, ಮತ್ತೆ ಬರುವ ಬಾಗಿಲು ತೆರೆದಿದೆ ಎಂದು ಹೇಳಿ ಕಳಿಸಿ. ತಿಂಗಳ ಮೊದಲ ವಾರ ಒಂದು ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ: ಎಷ್ಟು ಬಂತು, ಎಷ್ಟು ಮನೆಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು. ಕುಟುಂಬಗಳ ಹೆಸರು ಅದರಲ್ಲಿ ಇರಬಾರದು. ಫಾರಂಗಳ ಕಡತ ಬೀರುವಿನಲ್ಲಿ ಬೀಗದೊಳಗಿರಲಿ, ಬೀಗದ ಕೈ ಇಬ್ಬರ ಹತ್ತಿರ ಇರಲಿ, ಅವರಲ್ಲಿ ಒಬ್ಬರು ಹೆಂಗಸು.